ಹೊಂಡದ ನಡುವೆ ನಿಂತ ಕೊಕ್ಕರೆ

ಮೇ ೨೮, ಬುಧವಾರ

ಪ್ರೀತಿಯ ಅಕ್ಕನಿಗೆ,

ಇವತ್ತು ಬೆಳಿಗ್ಗೆ ಗಣಿಯ ಹೊಂಡದ ನಟ್ಟನಡುವೆ ಒಂದು ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ನೀರು ಅದರ ಮೊಣಕಾಲನ್ನೂ ಮುಟ್ಟಿರಲಿಲ್ಲ. ಎರಡಾಳು ಆಳವಿರಬೇಕಾದ ಜಾಗ ಅದು. ಅದನ್ನು ನೋಡಿದ ಮೇಲೆ ನಿನಗೆ ಬರೆಯದೆ ಇರಲಾಗಲಿಲ್ಲ. ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ. ಭಾವ ಹೇಗಿದ್ದಾರೆ? ಪುಟ್ಟಿಗೆ ಹಲ್ಲು ಬಂತೇ?

ನೀನು ಮದುವೆಯಾಗಿ ಹೋದಾಗ ಗಣಿ ಇನ್ನೂ ನಡೆಯುತ್ತಿತ್ತು. ಈಗ ಕಲ್ಲಿದ್ದಲು ಮುಗಿದು, ಅಗೆದ ಮಣ್ಣನ್ನೆಲ್ಲ ಗುಡ್ಡ ಮಾಡಿ ಹುಲ್ಲು ಬೆಳೆಸಿದ್ದಾರೆ. ಮಳೆ ಬಂದರೆ ಗುಡ್ಡದ ಕೆಸರುನೀರು ಕಾಲುವೆ ಹಿಡಿದು ಈ ಹೊಂಡಕ್ಕೆ ಬರುತ್ತದೆ. ಇಲ್ಲಿ ತಂಗಿದಾಗ ಮಣ್ಣು ತಳಕ್ಕಿಳಿದು, ತಿಳಿನೀರಷ್ಟೇ ಆಚೆಯ ಹಳ್ಳಕ್ಕೆ ಹೋಗಬೇಕು. ಅದಕ್ಕೆ ಪ್ರತಿ ಬೇಸಿಗೆ ಹೂಳು ತೆಗೆಸಬೇಕು. ಹೊಂಡ ಕಾಯುತ್ತಿದ್ದಷ್ಟು ಕಾಲವೂ ಅಪ್ಪ ಬಿದಿರಿನ ಗಳ ಇಳಿಸಿ ಆಳ ನೋಡಿ, "ಸಾರ್, ಹೂಳು ತೆಗೆಸಿ" ಅನ್ನುತ್ತಿದ್ದರು. ಮ್ಯಾನೇಜರ್ ನಕ್ಕುಬಿಡುತ್ತಿದ್ದ. ಈ ಕರಿಮಣ್ಣಿನಲ್ಲೂ ಬಿಳಿ ಬೂಟು ಹಾಕುವ ಅವನಿಗೆ ಎಲ್ಲರೂ ಬಿಳಿಬೂಟು ಅಂತಲೇ ಹೆಸರಿಟ್ಟಿದ್ದಾರೆ. "ಮೇಲೆ ನೋಡ್ರೀ, ಕನ್ನಡಿ ಇದ್ದ ಹಾಗಿದೆ. ತಳದಲ್ಲಿ ಯಾರು ಮುಖ ನೋಡ್ಕೋತಾರೆ?" ಅನ್ನುತ್ತಿದ್ದ.

ಹೋದ ಮಳೆಗಾಲದಲ್ಲಿ ಹೊಂಡ ಉಕ್ಕಿ ಕೆಳಗಿನ ಕೇರಿಯ ಮನೆಗಳಿಗೆ ಕೆಸರು ನುಗ್ಗಿದ್ದನ್ನು ನಿನಗೆ ಬರೆದಿದ್ದೆ. ಬರೆಯದೆ ಬಿಟ್ಟದ್ದು ಬೇರೆ ಇದೆ. ಮಾರನೆಯ ದಿನ ಬಿಳಿಬೂಟು ಕೇರಿಯವರೆಲ್ಲರ ಮುಂದೆ ಅಪ್ಪನ ಕಡೆ ಬೆರಳು ತೋರಿಸಿ, "ಈ ಮುದುಕ ಅಡಿ ತೂಬು ತೆರೆದಿಟ್ಟು ಮಲಗಿಬಿಟ್ಟಿದ್ದ" ಎಂದ. ಅಪ್ಪನ ಕೆಲಸ ಹೋಯಿತು. ಎದುರುಮನೆಯ ಹಾಲಿನವಳು ಇಂದಿಗೂ ನಮ್ಮ ಬಾಗಿಲಿಗೆ ಬರುವುದಿಲ್ಲ. ತಳದ ಕೆಸರು ಹೊರಬಿಡುವ ಆ ತೂಬು ಮುಚ್ಚಿತ್ತು ಅಕ್ಕ. ಹೊಂಡ ಉಕ್ಕಿದ ದಿನ ಬೆಳಿಗ್ಗೆ ಬುತ್ತಿ ಕೊಡಲು ಹೋದಾಗ ಅದರ ಚಕ್ರಕ್ಕೆ ಬೀಗ ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದೆ. ಹೇಳಿದೆ. "ಮಗಳಲ್ವಾ, ಹೇಳ್ತಾಳೆ ಬಿಡಿ" ಎಂದು ತಳ್ಳಿಹಾಕಿದರು. ಆಮೇಲೆ ಅದೇ ಬಿಳಿಬೂಟು ನನಗೆ ಆಫೀಸಿನಲ್ಲಿ ಬರೆಯುವ ಕೆಲಸ ಕೊಟ್ಟು, ತನ್ನದು ಎಷ್ಟು ದೊಡ್ಡ ಮನಸ್ಸೆಂದು ಊರೆಲ್ಲ ಹೇಳಿಕೊಂಡು ಬಂದ. ನಾನು ತಲೆ ತಗ್ಗಿಸಿ ಸೇರಿಕೊಂಡೆ. ಬೇಕೆಂದೇ ಸೇರಿಕೊಂಡೆ.

ಅವನಿಗೊಂದು ಚಾಳಿ. ಭಾಷಣ ಬೇರೆಯವರಿಂದ ಬರೆಸುತ್ತಾನೆ, ಮೈಕಿನ ಮುಂದೆ ನಿಲ್ಲುವವರೆಗೂ ಅದರ ಮೇಲೆ ಕಣ್ಣು ಹಾಯಿಸುವುದಿಲ್ಲ. ಗಿಡ ನೆಡುವ ದಿನ ನಾನು ಭಾಷಣದ ಹಾಳೆಯ ಅಂಚಿನಲ್ಲಿ 'ಇಲ್ಲಿ ನೀರು ಕುಡಿಯಿರಿ' ಎಂದು ಬರೆದಿದ್ದೆ. ಅದನ್ನೂ ಗಂಭೀರವಾಗಿ ಓದಿಬಿಟ್ಟ. ಅರ್ಧ ಸಭೆ ಲೋಟ ಹುಡುಕಿತು! ಎಲ್ಲರೂ ನಕ್ಕರು. ನನಗೆ ಮಾತ್ರ ಒಂದು ದಾರಿ ಕಂಡಿತು.

ಶುಕ್ರವಾರ ತಪಾಸಣೆಯ ಅಧಿಕಾರಿಗಳು ಬರುತ್ತಾರೆ, ಕೇರಿಯವರನ್ನೂ ಕರೆದಿದ್ದಾರೆ. ನಿನ್ನೆ ಬಿಳಿಬೂಟು ನನ್ನ ಮೇಜಿನ ಬಳಿ ಬಂದು, "ಚೆನ್ನಾಗಿ ಬರಿಯಮ್ಮ, ಸಾಹಿತ್ಯ ಓದಿದೀಯ. ಹೊಂಡದ್ದು ಸ್ವಲ್ಪ ಜೋರಾಗಿರಲಿ" ಎಂದ.

"ಆಗ್ಲಿ ಸಾರ್" ಎಂದೆ.

ಜೋರಾಗಿಯೇ ಬರೆದಿದ್ದೇನೆ: 'ಈ ಹೊಂಡ ಎರಡಾಳು ಆಳವಿದೆ. ನನ್ನ ಮಾತು ನಂಬಬೇಡಿ. ಗಳ ಇಲ್ಲೇ ಇದೆ, ಈಗಲೇ ಇಳಿಸಿ ನೋಡಿ.' ಓದಿ ಮುಗಿಸಿದ ಮೇಲೇ ಅವನಿಗೆ ತಿಳಿಯುವುದು. ಗಳ ಗೇಣುದ್ದಕ್ಕೇ ಹೂಳಿಗೆ ತಡೆದು ನಿಲ್ಲುತ್ತದೆ. ಅಡಿ ತೂಬು ತೆರೆದಿದ್ದರೆ ಇಷ್ಟು ಹೂಳು ಕೊಚ್ಚಿಹೋಗದೆ ಇರುತ್ತಿತ್ತೇ ಎಂದು ಕೇರಿಯವರೇ ಕೇಳುತ್ತಾರೆ. ಆಗಿನ ಅವನ ಮುಖವನ್ನು ದಿನಕ್ಕೆ ಹತ್ತು ಸಲ ನೆನೆಸಿಕೊಳ್ಳುತ್ತೇನೆ, ಕಲ್ಲುಸಕ್ಕರೆಯನ್ನು ದವಡೆಯಲ್ಲಿ ಇಟ್ಟುಕೊಂಡ ಹಾಗೆ. ನಾನು ಕೆಟ್ಟವಳಾದೆನೇ? ಆಗಿದ್ದರೆ ಆಗಿರಲಿ.

ಭಾವನಿಗೆ ನಮಸ್ಕಾರ ತಿಳಿಸು. ಪುಟ್ಟಿ ನೂರು ಕಾಲ ಬಾಳಲಿ, ನನಗಿಂತ ಜೋರು ಗಂಟಲಿನವಳಾಗಲಿ.

ನಿನ್ನ
ಮೂಗಿ

ಮರೆತಿದ್ದಲ್ಲ, ಬರೆಯಬಾರದೆಂದಿದ್ದೆ: ನಿನ್ನೆ ಊಟಕ್ಕೆ ಕೂತಾಗ ಅಪ್ಪ ತುತ್ತು ಕೈಯಲ್ಲೇ ಹಿಡಿದು, "ಒಂದು ವೇಳೆ ನಾನೇ ತೆರೆದಿಟ್ಟು ಮರೆತೆನೇನಮ್ಮ? ಅಷ್ಟು ಜನ ಹೇಳ್ತಾರೆ ಅಂದ್ಮೇಲೆ..." ಎಂದರು. ಅಕ್ಕ, ಕೆಲಸ ಕಿತ್ತುಕೊಂಡದ್ದನ್ನು ಎಂದಾದರೂ ಕ್ಷಮಿಸುತ್ತಿದ್ದೆನೇನೋ. ಇದನ್ನು ಕ್ಷಮಿಸಲಾರೆ. ಗಳವನ್ನು ನಾನೇ ಅಧಿಕಾರಿಯ ಕೈಗೆ ಕೊಡಬೇಕೆಂದಿದ್ದೆ. ಈಗ ಬೇಡವೆನಿಸಿದೆ. ಶುಕ್ರವಾರ ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಹೊಂಡಕ್ಕೆ ಕರೆದುಕೊಂಡು ಹೋಗುತ್ತೇನೆ. ಗಳ ಇಳಿಸುವುದು ಅವರೇ.