ಹಸಿರು ಶುರುವಾಗುವ ಜಾಗ

ಅಕ್ಟೋಬರ್ 28, 2025. ಮಂಗಳವಾರ.

ಸಿಟ್ಟು ಇಳಿಯುತ್ತಲೇ ಇಲ್ಲ. ತಮಿಳು ಸೀಮೆಯ ಈ ಮನೆಯಲ್ಲಿ ಕನ್ನಡ ಅಕ್ಷರ ಓದುವವರು ನನ್ನ ಬಿಟ್ಟು ಯಾರೂ ಇಲ್ಲ, ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ.

ಬೆಳಿಗ್ಗೆ ನೊಯ್ಯಲ್ ಹೊಳೆಯ ಸೇತುವೆಯ ಮೇಲೆ ಊರೇ ನೆರೆದಿತ್ತು. ಕೆಳಗೆ ನಿಂತ ನೀರು ಹಸಿರು ಗಂಜಿಯಂತಾಗಿತ್ತು, ಸತ್ತ ಮೀನುಗಳು ತೇಲುತ್ತಿದ್ದವು. ನನ್ನ ಭಾವ ನಂಜಪ್ಪನ್ ಹೊಳೆಯ ಮೇಲ್ಭಾಗದಲ್ಲಿರುವ, ಇಲ್ಲಿಯವರು ಸಾಯಪಟ್ಟರೆ ಅನ್ನುವ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಕಡೆ ಕೈ ತೋರಿಸಿ ಕೂಗಿದರು: "ಎಲ್ಲಾ ಆ ಸಾಯಪಟ್ಟರೆಯೋರ ಕೆಲಸ! ನಾವು ವಿವಸಾಯ ಮಾಡೋರು, ಹೊಳೆಗೆ ನಾವಾ ವಿಷ ಹಾಕ್ತೀವಿ?"

ಹತ್ತು ದಿನದ ಹಿಂದೆ ಮೋಡ ಕಟ್ಟಿದಾಗ ಇದೇ ಭಾವ, "ಸೀಕ್ರಂ ಯೂರಿಯಾ ಎರಚು, ಮಳೇಲಿ ಕರಗಿ ಇಳೀತದೆ, ಒಂದು ನೀರು ಕಟ್ಟೋದು ಉಳೀತದೆ" ಎಂದಿದ್ದರು. ಮಾವನ ಕಾಲದಿಂದಲೂ ನಮ್ಮಲ್ಲಿ ಹಾಗೇ. ಮೆಕ್ಕೆಜೋಳಕ್ಕೆ ಆರು ಮೂಟೆ ಎರಚಿದೆವು. ಮಳೆ ಬಡಿದ ಬಡಿತಕ್ಕೆ ಹೊಲದ ಬಸಿಗಾಲುವೆ ತುಂಬಿ, ಯೂರಿಯಾ ಸಮೇತ ಹೊಳೆಗೆ ನುಗ್ಗಿತ್ತು.

ಜನ ಚದುರಿದ ಮೇಲೆ ನಾನೊಬ್ಬಳೇ ದಂಡೆ ಹಿಡಿದು ಮೇಲಕ್ಕೆ ನಡೆದೆ. ನಮ್ಮ ಬಸಿಗಾಲುವೆ ಬಂದು ಬೀಳುವ ಜಾಗದವರೆಗೂ ಹಸಿರು. ಅದರಾಚೆ, ಕಾರ್ಖಾನೆಗಳ ಕಡೆಯಿಂದ ಬರುವ ನೀರಿನಲ್ಲಿ, ಒಂದು ಎಳೆ ಪಾಚಿಯೂ ಇಲ್ಲ. ಪೈರಿಗೆ ಎರಚಿದ ಯೂರಿಯಾ ಹೊಳೆಯಲ್ಲಿ ಪಾಚಿ ಬೆಳೆಸಿತ್ತು.

ಮನೆಗೆ ಬಂದು ಭಾವನಿಗೆ ಹೇಳಿದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತದೆಯೇ ಅಂದರು:

"ಸುಮ್ನಿರು. ಕಲೆಕ್ಟರಿಗೆ ಮನು ಕೊಟ್ಟಾಯ್ತು."

ಕಾರ್ಖಾನೆಗಳ ಮೇಲೆ ಅರ್ಜಿ ಕೊಟ್ಟಾಯ್ತಂತೆ! ತಟ್ಟೆ ಕಿತ್ತುಕೊಂಡು ಬಿಸಾಡಬೇಕು ಅನಿಸಿತು. ಬಿಸಾಡಲಿಲ್ಲ. ಯಾವ ಮುಖದಲ್ಲಿ ಬಿಸಾಡಲಿ? ಬೆಳಿಗ್ಗೆ ಸೇತುವೆಯ ಮೇಲೇ ಬರೆದ ಆ ಅರ್ಜಿಯ ಮೊದಲ ಸಹಿ ನನ್ನದು. ಯೂರಿಯಾ ಎರಚಿದ ಇದೇ ಕೈಯಲ್ಲಿ, ಎಲ್ಲರಿಗೂ ಕಾಣಲಿ ಎಂದು ದೊಡ್ಡದಾಗಿ ಹಾಕಿದ್ದೆ.