ಮೊದಲ ಮಳೆ ಬಿಡಬೇಕಿತ್ತು

ಬುಧವಾರ ಮಧ್ಯಾಹ್ನ
ಟೈಲರ್ ಅಂಗಡಿಯಿಂದ

ಅಕ್ಕಾ,

ಹೇಗಿದ್ದೀಯಾ ಅಂತ ಆಮೇಲೆ ಕೇಳ್ತೀನಿ. ಮೊದಲು ಅಡುಗೆಮನೆಗೆ ಹೋಗು. ಶನಿವಾರ ನಾನು ತಂದುಕೊಟ್ಟ ಪಾಲಕ್, ಬೀನ್ಸ್, ಕುಂಬಳಕಾಯಿ, ಏನೇನು ಉಳಿದಿದೆಯೋ ಎಲ್ಲ ಬಿಸಾಕು. ಮಗುವಿನ ಬಾಯಿಗೆ ಇನ್ನೊಂದು ಎಲೆ ಹೋಗಬಾರದು. ಬಿಸಾಕಿ ಬಂದು ಮುಂದೆ ಓದು.

ಫೋನ್ ಮಾಡಬಹುದಿತ್ತಲ್ಲ ಅಂತೀಯ. ಮಾಡಿದರೆ ಎತ್ತೋದು ಯಾರು? ಭಾವ. ಅದಕ್ಕೇ ಎಂದಿನ ಹಾಗೆ ಬಟ್ಟೆ ಮೂಲೆಯಲ್ಲಿ ಹೊಲಿದಿಟ್ಟ ಚೀಟಿ. ಈ ಸಲ ಉದ್ದ ಇದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ತಪ್ಪಿದ್ದರೆ ನಕ್ಕುಬಿಡು, ಆದರೆ ಪೂರ್ತಿ ಓದು.

ನಿನ್ನ ಮದುವೆ ಆದ ವರ್ಷ ನಮ್ಮ ಹಿತ್ತಲ ಗೋಡೆಗೆ ಅಂಟಿಸಿ ಭಾವ ಶೆಡ್ ಹಾಕಿದ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಕೆಲಸ. ಅಳಿಯ ಪಕ್ಕದಲ್ಲೇ ಇರ್ತಾನೆ ಅಂತ ಅಪ್ಪನಿಗೆ ಖುಷಿಯೋ ಖುಷಿ. ಹೊಗೆ ಬರ್ತಿತ್ತು, ನಮ್ಮ ತಗಡಿನ ಮೇಲೆ ಬೂದು ಪುಡಿ ಕೂತಿರ್ತಿತ್ತು. ಮಳೆ ಬಂದರೆ ಅದೆಲ್ಲ ತೊಳೆದುಕೊಂಡು ಪೈಪಿನಿಂದ ಡ್ರಮ್ಮಿಗೆ. ಆ ನೀರೇ ಅಮ್ಮನ ತರಕಾರಿಗೆ. ಮಳೆ ನೀರಿಗೆ ಗಿಡ ಹೇಗೆ ನಗ್ತಾವೆ ನೋಡಿ ಅಂತ ಬಂದವರಿಗೆಲ್ಲ ತೋರಿಸ್ತಿದ್ದಳು.

ತವರಿಂದ ಒಂದು ಕಡ್ಡಿ ತರಕಾರಿ ಬರಬಾರದು ಅಂತ ಹೋದ ವರ್ಷ ಭಾವ ಹೇಳಿದಾಗ ನೀನು ಎಷ್ಟು ಅತ್ತಿದ್ದೆ! ಏನು ಜಂಬ, ನಮ್ಮ ಸೊಪ್ಪು ಇವರ ಗಂಟಲಲ್ಲಿ ಇಳಿಯಲ್ವಂತೆ ಅಂತ ಅಮ್ಮ ಉರಿದುಬಿದ್ದಳು. ಆಮೇಲೆ ಬಟ್ಟೆ ಚೂರಿನ ಕೆಳಗೆ ತರಕಾರಿ ಬಚ್ಚಿಟ್ಟು ವಾರ ವಾರ ನಿನಗೆ ತಲುಪಿಸಿದ್ದು ನಾನು. ಅವನ ಕಣ್ಣಿಗೆ ಮಣ್ಣೆರಚಿದೆವು ಅಂತ ಬಾಗಿಲ ಹಿಂದೆ ಬಾಯಿ ಮುಚ್ಚಿಕೊಂಡು ಎಷ್ಟು ನಕ್ಕಿದ್ದೀವಿ.

ಅದು ಜಂಬ ಅಲ್ಲ ಅಕ್ಕಾ. ಅವನಿಗೆ ಗೊತ್ತಿತ್ತು.

ಶೆಡ್ಡಿನಲ್ಲಿ ಕುಲುಮೆ ನೋಡ್ಕೊಳ್ತಿದ್ದ ತಾತ ಸೋಮವಾರ ಅಂಗಡಿಗೆ ಬಂದಿದ್ದ. ಬೆರಳು ನನ್ನ ಮಾತು ಕೇಳ್ತಿಲ್ಲ ಕಣಮ್ಮ, ಅಂಗಿಗೆ ಗುಂಡಿ ಬೇಡ, ಪ್ರೆಸ್ ಬಟನ್ ಹಾಕಿಕೊಡು ಅಂದ. ನಮ್ಮಮ್ಮನ ಕೈಯೂ ಹಾಗೇ ಆಗಿದೆ ತಾತ ಅಂದೆ. ನನ್ನ ಮುಖವನ್ನೇ ನೋಡಿದ. "ನೀವಿನ್ನೂ ಹಿತ್ತಲ ತರಕಾರಿ ತಿಂತಿದ್ದೀರಾ? ನಿಮ್ಮ ಭಾವ ಹೇಳಲಿಲ್ವಾ? ಹೋದ ವರ್ಷ ನನ್ನ ಜೊತೆ ಡಾಕ್ಟರ ಹತ್ರ ಬಂದಿದ್ನಲ್ಲ! ಆ ಸೀಸದ ಪುಡಿ ಹೊಟ್ಟೆಗೆ ಹೋದರೆ ದೊಡ್ಡವರ ಕೈ ಬೀಳುತ್ತೆ, ಮಕ್ಕಳ ಮಾತು ನಿಲ್ಲುತ್ತೆ ಅಂತ ಡಾಕ್ಟರು ಅವನೆದುರೇ ಹೇಳಿದ್ರು."

ಮಕ್ಕಳ ಮಾತು. ನಿನ್ನ ಮಗಳು ನನ್ನ ಕಂಡರೆ ಚಿಕ್ಕೀ ಅಂತ ಕಿರುಚ್ತಿದ್ದಳು. ಎರಡು ತಿಂಗಳಿಂದ ಸುಮ್ಮನೆ ನೋಡ್ತಾಳೆ. ಹಲ್ಲು ಬರೋ ಹೊತ್ತು, ಅದಕ್ಕೇ ಅಂದಿದ್ದೆ ನೀನು.

ನಿನ್ನೆ ಶೆಡ್ಡಿಗೇ ನುಗ್ಗಿದೆ. ನಿನ್ನ ಮದುವೆ ಆದಾಗಿಂದ ಮೊದಲ ಸಲ ಅವನೆದುರು ಏಕವಚನ. ನಿನ್ನ ಮನೆಗೆ ತರಕಾರಿ ಬೇಡ ಅಂದೆಯಲ್ಲ, ನಮಗೆ ಯಾಕೋ ಹೇಳಲಿಲ್ಲ ಅಂತ ಕೇಳಿದೆ. ಬೈತಾನೆ ಅಂದುಕೊಂಡರೆ ನಿಧಾನಕ್ಕೆ ಕೈ ಒರೆಸಿಕೊಂಡ. "ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತೆ. ಶೆಡ್ಡಿಗೆ ಬೀಗ ಬೀಳುತ್ತೆ. ನನ್ನ ಮಗು ತಿಂದಿಲ್ಲ, ನನಗಷ್ಟು ಸಾಕು. ನೀನು ಬಾಯಿ ಹೊಲಿದುಕೊಂಡಿದ್ದರೆ ಮಾತ್ರ ನಿಮ್ಮಕ್ಕನ ಮುಖ ನೋಡ್ತೀಯ."

ತಿಂದಿದೆ ಅಂತ ಹೇಳೋಕೆ ಬಾಯಿ ತೆಗೆದೆ. ನೀನು ಅವನ ಜೊತೆ ಒಬ್ಬಳೇ ಇದ್ದೀಯ ಅಂತ ನೆನಪಾಯ್ತು. ಮುಚ್ಚಿಕೊಂಡು ಬಂದೆ.

ಮನೆಗೆ ಬಂದು ಡ್ರಮ್ಮು ಉರುಳಿಸಿದೆ, ಗಿಡ ಕಿತ್ತೆ. ನಿನಗೆ ತಲೆ ಕೆಟ್ಟಿದೆಯೇನೇ ಅಂತ ಅಮ್ಮ ಕೂಗಾಡಿದಳು. ಕಿತ್ತ ಬದನೆ ಗಿಡಾನ ಬೆಳಿಗ್ಗೆ ಎದ್ದು ಮತ್ತೆ ನೆಟ್ಟಿದ್ದಾಳೆ. ಬಲಗೈ ಮಣಿಕಟ್ಟಿನಿಂದ ಜೋತು ಬಿದ್ದಿದೆ. ಎಡಗೈಯಲ್ಲಿ ಚೊಂಬು ಹಿಡಿದು ನೀರು ಹಾಕ್ತಿದ್ದಾಳೆ. ನನ್ನ ಮಾತು ನಂಬಲ್ಲ. ಡಾಕ್ಟರೇ ಹೇಳಬೇಕು.

ಶುಕ್ರವಾರ ಅವನು ಲೋಡ್ ತಗೊಂಡು ಹೋಗ್ತಾನಲ್ಲ, ಹತ್ತು ಗಂಟೆಗೆ ಮಗೂನ ಎತ್ತಿಕೊಂಡು ದೊಡ್ಡಾಸ್ಪತ್ರೆ ಗೇಟಿಗೆ ಬಾ. ಅಮ್ಮನ್ನ ಎಳೆದುಕೊಂಡಾದರೂ ಬರ್ತೀನಿ. ರಕ್ತ ಪರೀಕ್ಷೆ ಮಾಡಿಸಬೇಕು. ಅಲ್ಲಿ ಸೀಸ ಅಂತ ಬಾಯಿಬಿಟ್ಟು ಹೇಳಬೇಕು, ಬರೀ ಕೈನೋವು ಅಂದರೆ ಮಾತ್ರೆ ಕೊಟ್ಟು ಕಳಿಸ್ತಾರೆ.

ಇವತ್ತು ಬೆಳಿಗ್ಗೆ ಭಾವ ಅಂಗಡಿಗೆ ಬಂದ. ಯಾವತ್ತೂ ಬಂದವನಲ್ಲ. ಸ್ಟೂಲ್ ಎಳೆದುಕೊಂಡು ಕೂತು ಏನು ಹೊಲೀತಿದ್ದೀಯ ಅಂದ. ಮಗುವಿಗೆ ಹೊದಿಕೆ ಅಂದೆ. ಸಂಜೆ ಬರ್ತೀನಿ, ನಾನೇ ತಗೊಂಡು ಹೋಗಿ ಕೊಡ್ತೀನಿ, ನೀನಿನ್ನು ನಮ್ಮನೆ ತನಕ ನಡೀಬೇಡ ಅಂದ. ಹೋಗುವಾಗ ಹೊದಿಕೆಯ ಅಂಚನ್ನ ಬೆರಳಲ್ಲಿ ಒತ್ತಿ ನೋಡಿದ. ಆಗಿನ್ನೂ ಅದರೊಳಗೆ ಏನೂ ಇರಲಿಲ್ಲ.

ಓದಿದ ಮೇಲೆ ಒಲೆಗೆ ಹಾಕು. ಅವನೆದುರು ಎಂದಿನ ಹಾಗೇ ಇರು.

ನಿನ್ನ
ಮೊಂಡಿ

ತಾ.ಕ.: ಒಂದು ವಿಷಯ ಮುಚ್ಚಿಟ್ಟು ಮುಗಿಸೋಣ ಅಂದುಕೊಂಡಿದ್ದೆ, ಆಗಲಿಲ್ಲ. ಪ್ರತಿ ವರ್ಷ ಮೊದಲ ಮಳೆಗೆ ಅಮ್ಮ ಪೈಪನ್ನ ಚರಂಡಿಗೆ ತಿರುಗಿಸ್ತಿದ್ದಳು. ತಗಡು ತೊಳೆಯಲಿ, ಆಮೇಲೆ ಡ್ರಮ್ಮಿಗೆ ಬಿಡೋಣ ಅಂತ. ಈ ವರ್ಷ ಅವಳ ಕೈಲಿ ಆಗಲಿಲ್ಲ, ನನಗೆ ಹೇಳಿದಳು. ಸುಮ್ಮನೆ ನೀರು ಯಾಕೆ ಹಾಳು ಮಾಡೋದು ಅಂತ ನಾನು ನೇರ ಡ್ರಮ್ಮಿಗೇ ಬಿಟ್ಟೆ. ನೀರು ಬೂದಿ ಬಣ್ಣಕ್ಕಿತ್ತು. ನೋಡಿದ್ದೆ. ಶನಿವಾರದ ಪಾಲಕ್ ಅದೇ ನೀರಲ್ಲಿ ಬೆಳೆದದ್ದು. ಮಗು ತಟ್ಟೆ ಚಾಚಿ ಚಾಚಿ ಹಾಕಿಸಿಕೊಂಡು ತಿಂತು ಅಂತ ನೀನು ಬರೆದ ಚೀಟಿ ನನ್ನ ಹತ್ರಾನೇ ಇದೆ.