ಕೊಳ್ಳ ಕೂಗಿದ ಹೆಸರು

ಫೆಬ್ರುವರಿ 16, ಭಾನುವಾರ. ಚಿಕ್ಕೋಡಿ.

ಗೆಳತಿ ರೂಪಾಲಿ ಆ ಬಂಡೆಯನ್ನು ಪ್ರಾಜಕ್ತಾಳಿಗೆ ತೋರಿಸಬಾರದಿತ್ತು. ಗೋಕಾಕದ ಕೊಳ್ಳದಲ್ಲಿ ದನಿ ಮರಳಿ ಬರುವ ಜಾಗ ಅದು. ಕಾಲೇಜಿನ ದಿನಗಳಲ್ಲಿ ಹುಡುಕಿದವಳು ನಾನು. ನಮ್ಮಿಬ್ಬರದೇ ಆಗಿತ್ತು.

ಈ ಪ್ರಾಜಕ್ತಾ ಯಾರು? ಬೆಳಿಗ್ಗೆ ಬಸ್ಸಿನಲ್ಲಿ ಪರಿಚಯವಾದ ಮಿರಜಿನವಳು. ನಾನು ಕಿಟಕಿಯಿಂದ ಓಢಣಿ ಎಸೆದು ಹಿಡಿದ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು ರೂಪಾಲಿ ದಾರಿಯುದ್ದಕ್ಕೂ ಮರಾಠಿಯಲ್ಲಿ ಹರಟಿದಳು. ನಾನು ಕಟ್ಟಿಕೊಂಡು ಹೋದ ಶೇಂಗಾ ಹೋಳಿಗೆಯ ಮೊದಲ ತುಂಡೂ ಅವಳಿಗೇ.

"ಅಕ್ಕಾ, ಇಲ್ಲಿ ನಿಂತು ಒದರ್ರಿ, ಭಾಳ ಮಜಾ ಐತಿ," ಎಂದು ಪ್ರಾಜಕ್ತಾಳಿಗೆ ಹೇಳಿದ ರೂಪಾಲಿ ತಾನೇ ಮೊದಲು "ಪ್ರಾಜಕ್ತಾ!" ಎಂದು ಕೂಗಿದಳು. ನನ್ನ ಕೊಳ್ಳ ನಾಚಿಕೆಯಿಲ್ಲದೆ ಅದನ್ನೇ ತಿರುಗಿ ಹೇಳಿತು.

ನಾನು ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ಕೂತೆ. ಆಗ ಪ್ರಾಜಕ್ತಾ ಹತ್ತಿರ ಬಂದು, ಹರಕು ಕನ್ನಡದಲ್ಲಿ, "ನಿಮ್ಮ ನಾಂವ ಕೇಳೂದ ಮರತೆ. ಹೆಸರ ಏನ್ರಿ?" ಅಂದಳು. ಹೇಳಿದೆ. ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು: "ಫರಹೀನ!"

ಎದುರಿನ ಬಂಡೆಗಳೆಲ್ಲ ನನ್ನನ್ನು ಕರೆದವು. ಇಷ್ಟು ವರ್ಷ ರೂಪಾಲಿಯ ಬಾಯಿಂದ ಕೇಳಬೇಕೆಂದು ಕಾದದ್ದು ಇದನ್ನೇ. ರೂಪಾಲಿ ಆ ಕಡೆ ಸೆಲ್ಫಿ ತೆಗೆಯುತ್ತಿದ್ದಳು, ತಿರುಗಿಯೂ ನೋಡಲಿಲ್ಲ.

ಹೊಟ್ಟೆಯುರಿ ಇನ್ನೂ ಆರಿಲ್ಲ. ಪ್ರಾಜಕ್ತಾಳನ್ನು ಬೈದಾದರೂ ಮಲಗೋಣವೆಂದರೆ, ಒಂದು ಬೈಗುಳವೂ ನೆನಪಾಗುತ್ತಿಲ್ಲ; ಅವಳು ಕೂಗಿದ ನನ್ನ ಹೆಸರೇ ಕಿವಿಯಲ್ಲಿದೆ.